ಆ್ಯಪ್‌ಗೆ ಲೊಕೇಶನ್ ಸಿಗದಿದ್ದಾಗ ದೋಷವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಹೊರಗೆ ಓಡಾಡಿ ಕೆಲಸ ಮಾಡುವ ಸಿಬ್ಬಂದಿ ತಾವು ಭೇಟಿ ನೀಡಿದ ಜಾಗವನ್ನು ದಾಖಲಿಸುವಂತಹ ಒಂದು ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇನೆ. ಬಟನ್ ಒತ್ತಿದಾಗ ‘ಗೆಟ್‌ಲಾಸ್ಟ್‌ಲೊಕೇಶನ್’ ಎಂಬ ಫಂಕ್ಷನ್ ಮೂಲಕ ಅಕ್ಷಾಂಶ, ರೇಖಾಂಶಗಳನ್ನು ಪಡೆದು ಸರ್ವರ್‌ಗೆ ಕಳುಹಿಸುತ್ತೇನೆ. ನನ್ನ ಫೋನಿನಲ್ಲಿ ಎಲ್ಲವೂ ಸರಿಯಾಗಿದೆ. ಆದರೆ ಬಳಸುವವರ ಪೈಕಿ ಕೆಲವರಿಗೆ ‘ನಲ್’ (ಏನೂ ಇಲ್ಲ ಎಂಬ ಉತ್ತರ) ಬರುತ್ತದೆ, ಕೆಲವರಿಗೆ ಒಂದು ಗಂಟೆಯ ಹಿಂದೆ ಇದ್ದ ಜಾಗ ಬರುತ್ತದೆ. ಇಬ್ಬರಿಗೆ ಮಾತ್ರ ಯಾವಾಗಲೂ ಒಂದು, ಒಂದೂವರೆ ಕಿಲೋಮೀಟರ್ ಆಚೆಗಿನ ಜಾಗ ಬರುತ್ತಿದ್ದು, ಅದರ ಜೊತೆಗಿನ ನಿಖರತೆಯ ಅಂಕಿ (ಎಷ್ಟು ಮೀಟರ್ ತಪ್ಪಿರಬಹುದು ಎಂಬ ಅಳತೆ) 2000 ಎಂದಿರುತ್ತದೆ. ಫೋನನ್ನು ಜೇಬಿನಲ್ಲಿಟ್ಟುಕೊಂಡು ನಡೆದರೆ ದಾರಿಯ ದಾಖಲೆ ನಡುವೆ ತುಂಡಾಗುತ್ತದೆ. ತಪ್ಪು ಫೋನುಗಳ ಜಿಪಿಎಸ್‌ನದೋ ನನ್ನ ಕೋಡ್‌ನದೋ ತಿಳಿಯುವುದು ಹೇಗೆ? ನಿಖರತೆ 50 ಮೀಟರ್‌ಗಿಂತ ಕಳಪೆಯಾಗಿದ್ದರೆ ದಾಖಲೆಯನ್ನೇ ತಿರಸ್ಕರಿಸಬೇಕೆ?

ಉತ್ತರ: ನೀವು ಬರೆದಿರುವುದನ್ನು ಬಿಡಿಸಿ ನೋಡಿದರೆ ಒಂದೇ ಹೆಸರಿನಡಿ ಸೇರಿಕೊಂಡ ಹಲವು ದೋಷಗಳು ಕಾಣುತ್ತವೆ. ‘ಜಿಪಿಎಸ್ ಸರಿಯಿಲ್ಲ’ ಎಂದು ಬಳಕೆದಾರರು ಹೇಳಿದಾಗ ಅದನ್ನು ‘ಮೈ ಸರಿಯಿಲ್ಲ’ ಎಂಬ ಮಾತಿನಂತೆ ಕೇಳಿಸಿಕೊಳ್ಳಬೇಕು. ಮಾತು ನಿಜವೇ ಆದರೂ ಅಷ್ಟರಿಂದಲೇ ಔಷಧ ಕೊಡಲಾಗದು. ನೀವು ಕೊಟ್ಟ ವಿವರಗಳಿಂದ ನೋಡುವುದಾದರೆ ಇವುಗಳಲ್ಲಿ ಒಂದಕ್ಕೂ ಫೋನಿನ ಜಿಪಿಎಸ್ ಚಿಪ್ ಕಾರಣವಿರಲಾರದು ಎಂದೇ ನನ್ನ ಅಭಿಪ್ರಾಯ. ಸ್ಥಳವೆಂಬುದು ಫೋನಿನೊಳಗೆ ಎಲ್ಲೋ ಬರೆದಿಟ್ಟ ಅಂಕಿ, ಕೇಳಿದೊಡನೆ ಅದನ್ನು ಓದಿ ಕೊಡಲಾಗುತ್ತದೆ ಎಂಬ ಗ್ರಹಿಕೆಯಿಂದ ಇಂತಹ ತೊಂದರೆಗಳಲ್ಲಿ ಬಹುಪಾಲು ಹುಟ್ಟುತ್ತವೆ. ವಾಸ್ತವದಲ್ಲಿ ಅದು ಹೊತ್ತು ಕಳೆದಂತೆ ಸುಧಾರಿಸುತ್ತ ಹೋಗುವ ಒಂದು ಅಂದಾಜು. ಯಾವಾಗ ಅಳೆದದ್ದು ಎಂಬ ಸಮಯವೂ, ಎಷ್ಟು ತಪ್ಪಿರಬಹುದು ಎಂಬ ಅಳತೆಯೂ ಅದಕ್ಕೆ ಅಂಟಿಕೊಂಡೇ ಬರುತ್ತವೆ. ಅಕ್ಷಾಂಶ, ರೇಖಾಂಶ ಎರಡನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಎಸೆದುಬಿಟ್ಟ ಆ್ಯಪ್‌ನಲ್ಲಿ ದೋಷ ಹುಡುಕುವುದು ಕಷ್ಟ, ಏಕೆಂದರೆ ಎಸೆದದ್ದರ ಜೊತೆಗೆ ಸಾಕ್ಷ್ಯವೂ ಹೋಗಿರುತ್ತದೆ. ಆದ್ದರಿಂದ ಕೋಡ್ ತಿದ್ದುವ ಮೊದಲು, ಬಂದ ಪ್ರತಿಯೊಂದು ಸ್ಥಳದ ಜೊತೆಗೆ ಅದರ ವಯಸ್ಸು, ನಿಖರತೆ, ಯಾವ ಮೂಲದಿಂದ ಬಂತು, ಆ ಹೊತ್ತಿಗೆ ಆ್ಯಪ್‌ಗೆ ಯಾವ ಅನುಮತಿ ಇತ್ತು ಎಂಬಿಷ್ಟನ್ನು ಲಾಗ್ ಮಾಡಲು ಆರಂಭಿಸಿ. ಒಂದು ದಿನದ ಲಾಗ್ ಓದಿದರೆ ಅರ್ಧ ದೋಷಗಳು ತಾವಾಗಿಯೇ ಹೊರಬೀಳುತ್ತವೆ.

ಈಗ ‘ನಲ್’ ವಿಚಾರಕ್ಕೆ ಬರೋಣ. ‘ಗೆಟ್‌ಲಾಸ್ಟ್‌ಲೊಕೇಶನ್’ ಎಂಬುದು ತನ್ನ ಹೆಸರೇ ಹೇಳುವಂತೆ ಕೊನೆಯದಾಗಿ ತಿಳಿದಿದ್ದ ಸ್ಥಳವನ್ನು ಕೊಡುತ್ತದೆಯೇ ಹೊರತು ಹೊಸದಾಗಿ ಅಳೆಯುವುದಿಲ್ಲ. ಅದನ್ನು ಕರೆದ ಮಾತ್ರಕ್ಕೆ ಜಿಪಿಎಸ್ ಎಚ್ಚರಗೊಳ್ಳುವುದೂ ಇಲ್ಲ. ಮ್ಯಾಪ್‌ನಂತಹ ಬೇರೊಂದು ಆ್ಯಪ್ ಈಚೆಗೆ ಸ್ಥಳ ಕೇಳಿದ್ದರೆ ಅದಕ್ಕೆ ಸಿಕ್ಕ ಉತ್ತರ ಸಂಗ್ರಹದಲ್ಲಿ ಉಳಿದಿರುತ್ತದೆ, ನಿಮಗೆ ದೊರೆಯುವುದು ಅದೇ. ಫೋನು ಹೊಸದಾಗಿದ್ದು ಯಾರೂ ಸ್ಥಳ ಕೇಳಿಯೇ ಇಲ್ಲದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಆಗಿದ್ದರೆ, ಅಥವಾ ಆ್ಯಪ್‌ಗಳಿಗೆ ಸ್ಥಳ ಒದಗಿಸುವ ಗೂಗಲ್ ಪ್ಲೇ ಸರ್ವೀಸಸ್ ಮರುಚಾಲನೆಗೊಂಡ ಬಳಿಕ ಇನ್ನೂ ಯಾವ ಆ್ಯಪ್ ಕೂಡ ಸ್ಥಳ ವಿಚಾರಿಸಿಲ್ಲದಿದ್ದರೆ ಸಂಗ್ರಹ ಖಾಲಿ ಇರುತ್ತದೆ, ಉತ್ತರ ‘ನಲ್’ ಆಗಿರುತ್ತದೆ. ಲೊಕೇಶನ್ ಆಫ್ ಮಾಡಿದಾಗ ಹಿಂದಿನ ಸಂಗ್ರಹವೂ ಅಳಿಸಿಹೋಗುವುದರಿಂದ, ಬಳಕೆದಾರರು ಅದನ್ನು ಮತ್ತೆ ಆನ್ ಮಾಡಿದ ಮರುಕ್ಷಣ ನೀವು ಕೇಳಿದರೂ ಬರಿಗೈಯೇ ಗತಿ. ನಿಮ್ಮ ಫೋನಿನಲ್ಲಿ ಎಲ್ಲವೂ ಸರಿಯಾಗಿ ಕಾಣುವುದಕ್ಕೂ ಇದೇ ಕಾರಣ: ದಿನವಿಡೀ ಆ್ಯಪ್ ಪರೀಕ್ಷಿಸುವವರ ಫೋನಿನಲ್ಲಿ ಆ ಸಂಗ್ರಹ ಎಂದೂ ಖಾಲಿಯಾಗುವುದಿಲ್ಲ. ನಂಬಿಕೆ ಬಾರದಿದ್ದರೆ ಲೊಕೇಶನ್ ಒಮ್ಮೆ ಆಫ್ ಮಾಡಿ, ಫೋನು ರೀಸ್ಟಾರ್ಟ್ ಮಾಡಿ, ಆನ್ ಮಾಡಿ, ಬೇರಾವ ಆ್ಯಪ್ ತೆರೆಯುವ ಮೊದಲೇ ನಿಮ್ಮದನ್ನು ತೆರೆದು ನೋಡಿ.

ಗಂಟೆಯ ಹಿಂದಿನ ಜಾಗ ಬರುವುದೂ ಇದೇ ಬೇರಿನಿಂದ ಹುಟ್ಟಿದ ದೋಷ. ಅಲ್ಲಿ ಸಂಗ್ರಹ ಖಾಲಿಯಿರುವುದಿಲ್ಲ, ಹಳಸಿರುತ್ತದೆ. ಭೇಟಿ ದಾಖಲಿಸುವ ಆ್ಯಪ್‌ಗೆ ಇದು ‘ನಲ್’ಗಿಂತ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುತ್ತೇನೆ, ಏಕೆಂದರೆ ‘ನಲ್’ ಬಂದಾಗ ದೋಷ ಕಣ್ಣಿಗೆ ಕಾಣುತ್ತದೆ, ಹಳೆಯ ಜಾಗ ಬಂದಾಗ ಯಾರಿಗೂ ಅನುಮಾನವೇ ಬರುವುದಿಲ್ಲ. ಎರಡಕ್ಕೂ ಪರಿಹಾರ ಒಂದೇ. ಹೊಸ ಅಳತೆ ಬೇಕಾದಲ್ಲಿ ‘ಗೆಟ್‌ಕರೆಂಟ್‌ಲೊಕೇಶನ್’ ಕರೆಯಬೇಕು, ಅಥವಾ ‘ರಿಕ್ವೆಸ್ಟ್‌ಲೊಕೇಶನ್‌ಅಪ್‌ಡೇಟ್ಸ್’ ಮೂಲಕ ಬರುವ ಅಳತೆಗಳನ್ನು ಒಂದಷ್ಟು ಹೊತ್ತು ಕೇಳುತ್ತಿದ್ದು ಬೇಕಾದ ನಿಖರತೆ ಸಿಕ್ಕೊಡನೆ ನಿಲ್ಲಿಸಬೇಕು. ನಿಮ್ಮ ಕೆಲಸಕ್ಕೆ ಎರಡನೆಯದೇ ಮೇಲು. ಸಂಗ್ರಹದ ಸ್ಥಳವನ್ನು ತೆರೆಯ ಮೇಲೆ ನಕ್ಷೆಯನ್ನು ಸರಿಸುಮಾರಾದ ಜಾಗಕ್ಕೆ ತಂದು ನಿಲ್ಲಿಸಲು ಮಾತ್ರ ಬಳಸಿ. ‘ಗೆಟ್‌ಕರೆಂಟ್‌ಲೊಕೇಶನ್’ ಕೂಡ ತಕ್ಕ ಸಮಯದಲ್ಲಿ ಅಳತೆ ಸಿಗದಿದ್ದರೆ ‘ನಲ್’ ಕೊಡುತ್ತದೆ ಎಂಬುದು ನೆನಪಿರಲಿ. ಅದನ್ನು ದೋಷವೆಂದು ಭಾವಿಸದೆ ‘ಸಿಗಲಿಲ್ಲ’ ಎಂಬ ಉತ್ತರವೆಂದೇ ಸ್ವೀಕರಿಸಿ, ಬಳಕೆದಾರರಿಗೆ ಹಾಗೆಯೇ ತಿಳಿಸಬೇಕು.

ವಯಸ್ಸು ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ ಅಗತ್ಯ. ಸ್ಥಳದ ಜೊತೆ ಬರುವ ದಿನಾಂಕ-ಸಮಯವನ್ನು ಫೋನಿನ ಗಡಿಯಾರದಿಂದ ಕಳೆಯುವುದು ಸಹಜವೆನಿಸಿದರೂ ಫೋನಿನ ಗಡಿಯಾರವನ್ನು ಬಳಕೆದಾರರು ತಿರುಗಿಸಬಹುದು, ನೆಟ್‌ವರ್ಕ್ ತಿದ್ದಬಹುದು. ಫೋನು ಆನ್ ಆದಾಗಿನಿಂದ ಎಣಿಸುತ್ತ ಹೋಗುವ ‘ಇಲ್ಯಾಪ್ಸ್ಡ್ ರಿಯಲ್‌ಟೈಮ್’ ಎಣಿಕೆಯನ್ನು ಪ್ರತಿ ಸ್ಥಳದ ಜೊತೆಗೂ ಆಂಡ್ರಾಯ್ಡ್ ಕೊಡುತ್ತದೆ. ವಯಸ್ಸಿಗೆ ಅದನ್ನೇ ಬಳಸಬೇಕು. ಜಿಪಿಎಸ್ ತನ್ನ ಕಾಲವನ್ನು ವಾರಗಳಲ್ಲಿ ಎಣಿಸುತ್ತದೆ, ಹಳೆಯ ಸಂದೇಶ ಕ್ರಮದಲ್ಲಿ ಆ ಎಣಿಕೆ 1024 ವಾರಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾಗಾಯಿತು. ಎರಡನೆಯ ಸಲ ಕೆಲವು ಹಳೆಯ ಉಪಕರಣಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು. ಸ್ಥಳ ಸರಿಯಿದ್ದು ದಿನಾಂಕ ಮಾತ್ರ ವಿಚಿತ್ರವಾಗಿದ್ದರೆ ಇದನ್ನು ನೆನೆಯಬಹುದು.

ಹೊಸ ಅಳತೆಗೆ ಕಾಯಲೇಬೇಕಾದುದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಟೈಮ್‌ಔಟ್ (ಕಾಯುವ ಗರಿಷ್ಠ ಹೊತ್ತು) ಎಷ್ಟಿರಬೇಕೆಂಬುದು ಇದರ ಮೇಲೆ ನಿಂತಿದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಂಕೇತ ನಮ್ಮನ್ನು ಮುಟ್ಟಲು ಸೆಕೆಂಡಿನ ಹದಿನೈದರಲ್ಲೊಂದು ಪಾಲು ಹಿಡಿಯುತ್ತದೆ; ಆ ಹೊತ್ತನ್ನು ಅಳೆದು ದೂರ ಕಂಡುಕೊಳ್ಳುವುದೇ ಇಡೀ ಲೆಕ್ಕ. ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ಫೋನಿನ ಗಡಿಯಾರ ಅಷ್ಟು ಕರಾರುವಾಕ್ಕಾಗಿರುವುದಿಲ್ಲವಾದ್ದರಿಂದ ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರರ ಜೊತೆಗೆ ಗಡಿಯಾರದ ತಪ್ಪನ್ನೂ ನಾಲ್ಕನೆಯ ಅಜ್ಞಾತವಾಗಿ ಬಿಡಿಸಬೇಕಾಗುತ್ತದೆ, ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಉಪಗ್ರಹ ಆ ಕ್ಷಣದಲ್ಲಿ ಎಲ್ಲಿದೆ ಎಂಬುದೂ ತಿಳಿದಿರಬೇಕಷ್ಟೆ. ಆ ಮಾಹಿತಿಯನ್ನು ಉಪಗ್ರಹವೇ ಸೆಕೆಂಡಿಗೆ 50 ಬಿಟ್‌ನಂತೆ, ಅಂದರೆ ಇಂದಿನ ಲೆಕ್ಕದಲ್ಲಿ ಆಮೆಯ ವೇಗದಲ್ಲಿ ಕಳುಹಿಸುತ್ತದೆ. ಅದರ ಒಂದು ಸುತ್ತು ಮುಗಿಯಲು 30 ಸೆಕೆಂಡ್ ಬೇಕು. ಎಲ್ಲ ಉಪಗ್ರಹಗಳ ಒರಟು ಪಂಚಾಂಗ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ನಡುವೆ ಬಳಕೆದಾರರು ಸೂರಿನಡಿ ಹೋಗಿ ಸಂಕೇತ ಕಡಿದರೆ ಆ ಭಾಗಕ್ಕಾಗಿ ಮುಂದಿನ ಸುತ್ತಿನವರೆಗೆ ಕಾಯಬೇಕು.

ಇಂಟರ್‌ನೆಟ್ ಇದ್ದಾಗ ಫೋನು ಈ ಮಾಹಿತಿಯನ್ನು ನೆಟ್‌ವರ್ಕ್‌ನಿಂದಲೇ ತರಿಸಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಸ್ಥಳ ಕಂಡುಕೊಳ್ಳುತ್ತದೆ. ಅಸಿಸ್ಟೆಡ್ ಜಿಪಿಎಸ್ ಎನ್ನುವುದು ಇದನ್ನೇ. ಜಿಪಿಎಸ್‌ಗೆ ಸಿಮ್ ಬೇಕೆಂಬ, ಡೇಟಾ ಬೇಕೆಂಬ ತಪ್ಪು ಕಲ್ಪನೆ ಹುಟ್ಟಿರುವುದು ಇಲ್ಲಿಂದ. ಅವಿಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ನಿಧಾನವಾಗಿ ಮಾತ್ರ. ಉಪಗ್ರಹದ ಸ್ಥಾನದ ಮಾಹಿತಿ ಸುಮಾರು ನಾಲ್ಕು ಗಂಟೆಯವರೆಗೆ ಬಳಸಲು ಯೋಗ್ಯವಾಗಿರುವುದರಿಂದ, ಬೆಳಿಗ್ಗೆ ಡೇಟಾ ಇಲ್ಲದ ಕಡೆ ಮೊದಲ ಬಾರಿ ಆ್ಯಪ್ ತೆರೆದವರಿಗೆ ಸ್ಥಳ ಸಿಗಲು ಒಂದು ನಿಮಿಷವಾಗಬಹುದು, ಮಧ್ಯಾಹ್ನ ಅದೇ ಫೋನಿನಲ್ಲಿ ಮೂರು ಸೆಕೆಂಡಿಗೆ ಸಿಗಬಹುದು. ಹಾಗಾಗಿ ಹತ್ತು ಸೆಕೆಂಡಿನ ಟೈಮ್‌ಔಟ್ ಇಟ್ಟು ‘ಜಿಪಿಎಸ್ ವಿಫಲ’ ಎಂದು ತೋರಿಸುವ ಆ್ಯಪ್ ಡೇಟಾ ಇಲ್ಲದ ಕಡೆ ಕೆಲಸ ಮಾಡುವವರಿಗೆ ಅನ್ಯಾಯ ಮಾಡುತ್ತದೆ. ನಾನಾಗಿದ್ದರೆ ಮೊದಲ ಅಳತೆಗೆ 60ರಿಂದ 90 ಸೆಕೆಂಡ್ ಅವಕಾಶ ಕೊಡುತ್ತೇನೆ. ಆ ಹೊತ್ತಿನಲ್ಲಿ ಸುತ್ತುವ ಚಕ್ರವೊಂದನ್ನೇ ತೋರಿಸುವ ಬದಲು ಈವರೆಗೆ ಸಿಕ್ಕ ನಿಖರತೆಯನ್ನು ‘120 ಮೀಟರ್, 60 ಮೀಟರ್, 18 ಮೀಟರ್’ ಎಂದು ಇಳಿಯುತ್ತ ಬರುವಂತೆ ತೋರಿಸುತ್ತೇನೆ. ಅಂಕಿ ಇಳಿಯುವುದನ್ನು ಕಂಡವರು ತಾವಾಗಿಯೇ ನಾಲ್ಕು ಹೆಜ್ಜೆ ಬಯಲಿಗೆ ಬಂದು ನಿಲ್ಲುತ್ತಾರೆ.

ಫೋನಿನ ಜಿಪಿಎಸ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭ. ಉಪಗ್ರಹಗಳ ಪಟ್ಟಿಯನ್ನೂ ಪ್ರತಿಯೊಂದರ ಸಂಕೇತ ಬಲವನ್ನೂ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಂಡು, ಆಕಾಶ ತೆರೆದಿರುವಲ್ಲಿ ಎರಡು ನಿಮಿಷ ನಿಲ್ಲಬೇಕು. ನಿಮ್ಮ ಆ್ಯಪ್‌ನಲ್ಲಿಯೂ ‘ಜಿಎನ್‌ಎಸ್‌ಎಸ್ ಸ್ಟೇಟಸ್’ ಕಾಲ್‌ಬ್ಯಾಕ್ (ಮಾಹಿತಿ ಬಂದಾಗ ಆಂಡ್ರಾಯ್ಡ್ ತಾನೇ ಕರೆಯುವ ಫಂಕ್ಷನ್) ಮೂಲಕ ಇದೇ ಮಾಹಿತಿ ಪಡೆಯಬಹುದು. ಬಯಲಿನಲ್ಲಿ ಹಲವು ಉಪಗ್ರಹಗಳ ಬಲ 35ರಿಂದ 45 ಡೆಸಿಬೆಲ್-ಹರ್ಟ್ಸ್ (ಸಂಕೇತ ಬಲದ ಮಾನ, ಹೆಚ್ಚಿದ್ದಷ್ಟೂ ಒಳ್ಳೆಯದು) ನಡುವೆ ಇದ್ದರೆ ಚಿಪ್ ಮತ್ತು ಆಂಟೆನಾ ಆರೋಗ್ಯವಾಗಿವೆ. ಅದೇ ಜಾಗದಲ್ಲಿ ಬೇರೊಂದು ಫೋನು ಚೆನ್ನಾಗಿ ಹಿಡಿಯುತ್ತಿದ್ದು ಇದು ಮಾತ್ರ 20ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದರೆ ಆಂಟೆನಾದ ಮೇಲೆ ಅನುಮಾನಪಡಬಹುದು, ಲೋಹದ ಕವರ್ ಹಾಕಿದ್ದರೆ ಮೊದಲು ಅದನ್ನು ತೆಗೆದು ನೋಡಬೇಕು. ಕಟ್ಟಡದ ಒಳಗೆ ಬಲ ಕುಸಿಯುವುದು ದೋಷವಲ್ಲ. ಬಯಲಿನಲ್ಲಿ ಉತ್ತಮ ಫೋನೊಂದರ ತಪ್ಪು ಸುಮಾರು 5 ಮೀಟರ್ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗಳಿಗೆ ಬಡಿದು ಸುತ್ತಿ ಬರುವುದರಿಂದ ಅದು ಹಲವು ಪಟ್ಟು ಹಿಗ್ಗುತ್ತದೆ, ಅದನ್ನು ಕೋಡ್‌ನಿಂದ ಸರಿಪಡಿಸಲಾಗದು.

ಇನ್ನು ಆ ಇಬ್ಬರ ಸಂಗತಿ. ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಬೆಲೆಯುಳ್ಳ ಸುಳಿವು ಎಂದರೆ ಆ 2000 ಎಂಬ ಅಂಕಿ. ನಿಜವಾದ ಅಳತೆಯ ನಿಖರತೆ 13.4, 27.8 ಎಂದು ಅಡ್ಡಾದಿಡ್ಡಿಯಾಗಿರುತ್ತದೆ. ಪ್ರತಿ ಸಲವೂ ದುಂಡಗೆ 2000 ಬರುತ್ತಿದೆಯೆಂದರೆ ಅದು ವ್ಯವಸ್ಥೆಯೇ ಬೇಕೆಂದು ಮಸುಕುಗೊಳಿಸಿದ ಸ್ಥಳ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ‘ನಿಖರ’ ಮತ್ತು ‘ಅಂದಾಜು’ ಎಂಬ ಎರಡು ಚಿತ್ರಗಳಿರುತ್ತವೆ. ಆ ಇಬ್ಬರು ಅಂದಾಜಿನದನ್ನು ಆರಿಸಿಕೊಂಡಿದ್ದಾರೆ. ಹಾಗೆ ಆರಿಸಿದವರ ಸ್ಥಳವನ್ನು ಆಂಡ್ರಾಯ್ಡ್ ಸುಮಾರು 3 ಚದರ ಕಿಲೋಮೀಟರ್‌ನಷ್ಟು ಒರಟುಗೊಳಿಸಿಯೇ ಆ್ಯಪ್‌ಗೆ ಕೊಡುತ್ತದೆ. ಅವರು ಎಷ್ಟು ಹೊತ್ತು ಬಯಲಿನಲ್ಲಿ ನಿಂತರೂ, ನೀವು ‘ಹೈ ಆ್ಯಕ್ಯುರಸಿ’ ಎಂದು ಕೇಳಿದರೂ ಅದು ಸುಧಾರಿಸುವುದಿಲ್ಲ. ಅನುಮತಿ ಇದೆಯೇ ಎಂದು ನಿಮ್ಮ ಕೋಡ್ ಪರಿಶೀಲಿಸುತ್ತಿರಬಹುದು, ಯಾವ ಅನುಮತಿ ಎಂದು ಪರಿಶೀಲಿಸುತ್ತಿಲ್ಲ. ‘ಆ್ಯಕ್ಸೆಸ್ ಫೈನ್ ಲೊಕೇಶನ್’ ಎಂಬ ನಿಖರ ಸ್ಥಳದ ಅನುಮತಿ ಸಿಕ್ಕಿದೆಯೇ ಎಂದು ಪ್ರತ್ಯೇಕವಾಗಿ ನೋಡಿ, ಇಲ್ಲದಿದ್ದರೆ ನಿಖರ ಸ್ಥಳ ಏತಕ್ಕೆ ಬೇಕೆಂದು ಎರಡು ಸಾಲಿನಲ್ಲಿ ವಿವರಿಸಿ, ಮತ್ತೆ ಕೇಳಬೇಕು. ಕೇಳುವಾಗ ಫೈನ್ (ನಿಖರ) ಮತ್ತು ಕೋರ್ಸ್ (ಅಂದಾಜು) ಎರಡನ್ನೂ ಒಂದೇ ಕೋರಿಕೆಯಲ್ಲಿ ಸೇರಿಸಿರಬೇಕು. ಫೈನ್ ಒಂದನ್ನೇ ಕೇಳಿದರೆ ಆಂಡ್ರಾಯ್ಡ್ 12ರ ಕೆಲವು ಬಿಡುಗಡೆಗಳು ಆ ಕೋರಿಕೆಯನ್ನೇ ಕಡೆಗಣಿಸುತ್ತವೆ, ಪೆಟ್ಟಿಗೆಯೇ ತೆರೆಯುವುದಿಲ್ಲ.

ಅನುಮತಿಯ ಸುತ್ತ ಕಾಲು ಜಾರಿ ಬೀಳುವ ಇನ್ನೂ ಮೂರು ಹಳ್ಳಗಳಿವೆ. 2015ರ ಆಂಡ್ರಾಯ್ಡ್ 6ರಿಂದ ಅನುಮತಿಯನ್ನು ಆ್ಯಪ್ ಓಡುವಾಗಲೇ ಕೇಳಬೇಕು, ಉತ್ತರ ಬರುವುದು ತಡವಾಗಿ. ಅನುಮತಿ ಕೇಳುವ ಸಾಲಿನ ಮರುಸಾಲಿನಲ್ಲೇ ಸ್ಥಳ ಕೇಳುವ ಕೋಡ್ ಬರೆದರೆ, ಬಳಕೆದಾರರು ಪೆಟ್ಟಿಗೆಯನ್ನು ಓದುತ್ತಿರುವಾಗಲೇ ಆ ಸಾಲು ಓಡಿ ಸೋತುಹೋಗಿರುತ್ತದೆ. ‘ಇನ್‌ಸ್ಟಾಲ್ ಮಾಡಿದ ಮೊದಲ ಸಲ ಬರುವುದಿಲ್ಲ, ಮುಚ್ಚಿ ತೆರೆದರೆ ಬರುತ್ತದೆ’ ಎಂಬ ದೂರು ಕಿವಿಗೆ ಬಿದ್ದೊಡನೆ ನಾನು ಮೊದಲು ನೋಡುವುದು ಈ ಸಾಲುಗಳನ್ನು. ಎರಡನೆಯದಾಗಿ, ಆಂಡ್ರಾಯ್ಡ್ 11ರಿಂದ ಎರಡು ಬಾರಿ ನಿರಾಕರಿಸಿದರೆ ವ್ಯವಸ್ಥೆ ಮೂರನೆಯ ಬಾರಿ ಕೇಳಲು ಬಿಡುವುದಿಲ್ಲ. ಆಗ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ದಾರಿ ತೋರಿಸದೆ ಬೇರೆ ಉಪಾಯವಿಲ್ಲ. ಮೂರನೆಯದಾಗಿ, ಒಮ್ಮೆ ಕೊಟ್ಟ ಅನುಮತಿ ಶಾಶ್ವತವಲ್ಲ: ‘ಈ ಬಾರಿ ಮಾತ್ರ’ ಎಂದು ಕೊಟ್ಟಿರಬಹುದು, ಕೆಲವು ತಿಂಗಳು ಬಳಸದ ಆ್ಯಪ್‌ನಿಂದ ವ್ಯವಸ್ಥೆಯೇ ಹಿಂಪಡೆದಿರಬಹುದು. ಆದುದರಿಂದ ಅನುಮತಿಯ ಪರಿಶೀಲನೆ ಇನ್‌ಸ್ಟಾಲ್ ಆದ ದಿನ ಮಾತ್ರ ನಡೆದರೆ ಸಾಲದು, ಸ್ಥಳ ಕೇಳುವ ಪ್ರತಿ ಸಲವೂ ನಡೆಯಬೇಕು. ಫೋನಿನ ಲೊಕೇಶನ್ ಸ್ವಿಚ್ ಆನ್ ಇದೆಯೇ ಎಂಬುದು ಅನುಮತಿಗಿಂತ ಬೇರೆಯೇ ಪ್ರಶ್ನೆ. ಅದಕ್ಕೆ ‘ಸೆಟ್ಟಿಂಗ್ಸ್ ಕ್ಲೈಂಟ್’ ಬಳಸಿದರೆ ಬಳಕೆದಾರರು ನಿಮ್ಮ ಆ್ಯಪ್ ಬಿಟ್ಟು ಹೋಗದೆ ಅಲ್ಲಿಯೇ ಆನ್ ಮಾಡಬಹುದು.

ನಿಖರತೆಯ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ನನ್ನದೇ ಒಂದು ಅನುಭವವಿದೆ. ಹಿಂದೊಮ್ಮೆ ನಾವು ಕಚೇರಿಯನ್ನು ಬದಲಾಯಿಸಿ, ಹಳೆಯ ವೈಫೈ ರೂಟರ್‌ಗಳನ್ನೇ ಹೊಸ ಕಟ್ಟಡದಲ್ಲಿ ಅಳವಡಿಸಿದ್ದೆವು. ಅಂದಿನಿಂದ ಕಟ್ಟಡದೊಳಗೆ ಕುಳಿತ ಪರೀಕ್ಷಕರ ಫೋನುಗಳೆಲ್ಲ ಹಳೆಯ ಕಚೇರಿಯ ಜಾಗವನ್ನೇ, ಅದೂ 20 ಮೀಟರ್ ನಿಖರತೆಯೊಡನೆ ತೋರಿಸತೊಡಗಿದವು. ಎರಡು ದಿನ ನಾನು ನಮ್ಮ ಕೋಡ್‌ನಲ್ಲಿ ಸಂಗ್ರಹದ ದೋಷ ಹುಡುಕಿದೆ, ದೋಷ ಅಲ್ಲಿರಲಿಲ್ಲ. ಉಪಗ್ರಹ ಸಿಗದ ಕಡೆ ಫೋನು ಸುತ್ತಲಿನ ವೈಫೈ ರೂಟರ್‌ಗಳ ಗುರುತನ್ನು ದೊಡ್ಡ ದತ್ತಾಂಶ ಸಂಗ್ರಹದಲ್ಲಿ ಹುಡುಕಿ ಸ್ಥಳ ಊಹಿಸುತ್ತದೆ, ಆ ಸಂಗ್ರಹದಲ್ಲಿ ನಮ್ಮ ರೂಟರ್‌ಗಳು ಇನ್ನೂ ಹಳೆಯ ವಿಳಾಸದಲ್ಲಿದ್ದವು. ‘ಗೆಟ್‌ಲಾಸ್ಟ್‌ಲೊಕೇಶನ್’ಗೆ ಉತ್ತರ ಕೊಡುವ ಗೂಗಲ್‌ನ ಫ್ಯೂಸ್ಡ್ ಲೊಕೇಶನ್ ಪ್ರೊವೈಡರ್ ಉಪಗ್ರಹ, ವೈಫೈ, ಮೊಬೈಲ್ ಟವರ್, ಚಲನೆಯ ಸಂವೇದಕ ಎಲ್ಲವನ್ನೂ ಕಲಸಿ ಒಂದೇ ಉತ್ತರ ಕೊಡುವುದರಿಂದ ಯಾವ ಪಾಲು ಎಲ್ಲಿಂದ ಬಂತೆಂದು ತಿಳಿಯದು. ಇಂತಹ ಅನುಮಾನ ಬಂದಾಗ ‘ಲೊಕೇಶನ್ ಮ್ಯಾನೇಜರ್’ನಲ್ಲಿ ಜಿಪಿಎಸ್ ಪ್ರೊವೈಡರ್ ಒಂದನ್ನೇ ಕೇಳಿ, ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ದಿನಬಳಕೆಗೆ ಮಾತ್ರ ಫ್ಯೂಸ್ಡ್ ಪ್ರೊವೈಡರ್ ಅನ್ನೇ ಉಳಿಸಿಕೊಳ್ಳಿ; ಅದರಷ್ಟು ಚೆನ್ನಾಗಿ ನಾವೇ ಕಲಸಲು ಹೊರಡುವುದು ವ್ಯರ್ಥ ಸಾಹಸ.

ದಾರಿಯ ದಾಖಲೆ ತುಂಡಾಗುವುದು ಬೇರೆಯೇ ಜಾತಿಯ ದೋಷ. ಫೋನು ಜೇಬಿಗೆ ಹೋಯಿತೆಂದರೆ ತೆರೆ ಆರಿತು, ನಿಮ್ಮ ಆ್ಯಪ್ ಹಿನ್ನೆಲೆಗೆ ಸರಿಯಿತು ಎಂದರ್ಥ. 2017ರ ಆಂಡ್ರಾಯ್ಡ್ 8ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಗಂಟೆಗೆ ಕೆಲವೇ ಬಾರಿ ಸ್ಥಳ ಸಿಗುತ್ತದೆ. ಇದಕ್ಕೆ ಹೆಚ್ಚಿನವರು ಮಾಡುವುದು ‘ಯಾವಾಗಲೂ ಅನುಮತಿಸಿ’ ಎಂಬ ಹಿನ್ನೆಲೆ ಅನುಮತಿ ಕೇಳುವುದು. ನಿಮಗೆ ಅದು ಬೇಡ ಎಂಬುದು ನನ್ನ ಖಚಿತ ಸಲಹೆ. ಬಳಕೆದಾರರು ಆ್ಯಪ್ ತೆರೆದು ‘ಪ್ರಯಾಣ ಆರಂಭ’ ಒತ್ತಿದಾಗಲೇ ಒಂದು ಫೋರ್‌ಗ್ರೌಂಡ್ ಸರ್ವೀಸ್ (ತೆರೆ ಆರಿದರೂ ಬಳಕೆದಾರರ ಅರಿವಿನಲ್ಲೇ ನಡೆಯುತ್ತಿರುವ ಕೆಲಸ) ಆರಂಭಿಸಿ, ನೋಟಿಫಿಕೇಶನ್ ತೋರಿಸಿ, ಅದರಿಂದಲೇ ಅಪ್‌ಡೇಟ್‌ಗಳನ್ನು ಕೇಳಿದರೆ ‘ಬಳಸುವಾಗ ಮಾತ್ರ’ ಎಂಬ ಅನುಮತಿಯೇ ಸಾಕಾಗುತ್ತದೆ. ಆ ಸರ್ವೀಸ್‌ನ ವಿಧ ‘ಲೊಕೇಶನ್’ ಎಂದು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರಗಳ ಕಡತದಲ್ಲಿ) ಘೋಷಿಸಿರಬೇಕು, ಆಂಡ್ರಾಯ್ಡ್ 14ನ್ನು ಗುರಿಯಾಗಿಸಿದ್ದರೆ ‘ಫೋರ್‌ಗ್ರೌಂಡ್ ಸರ್ವೀಸ್ ಲೊಕೇಶನ್’ ಎಂಬ ಪ್ರತ್ಯೇಕ ಅನುಮತಿಯನ್ನೂ ನಮೂದಿಸಿರಬೇಕು. ಸರ್ವೀಸ್ ಅನ್ನು ಹಿನ್ನೆಲೆಯಿಂದ ಆರಂಭಿಸಿದರೆ ಈ ಸೌಲಭ್ಯ ಸಿಗುವುದಿಲ್ಲ. ಆರಂಭಿಸುವಾಗ ಆ್ಯಪ್ ಕಣ್ಣೆದುರಿಗೆ ಇರಲೇಬೇಕು.

ಇಷ್ಟಾದ ಮೇಲೂ ದಾಖಲೆ ಕಡಿಯುತ್ತಿದ್ದರೆ ಬ್ಯಾಟರಿ ಉಳಿಸುವ ವ್ಯವಸ್ಥೆಗಳನ್ನು ನೋಡಬೇಕು. ಬ್ಯಾಟರಿ ಸೇವರ್ ಆನ್ ಇದ್ದಾಗ ತೆರೆ ಆರಿದೊಡನೆ ಜಿಪಿಎಸ್ ನಿಲ್ಲಿಸುವ ವಿಧಾನಗಳು ಆಂಡ್ರಾಯ್ಡ್‌ನಲ್ಲಿಯೇ ಇವೆ. ‘ಪವರ್ ಮ್ಯಾನೇಜರ್’ ಅನ್ನು ಕೇಳಿದರೆ ಈಗ ಯಾವ ವಿಧಾನ ಜಾರಿಯಲ್ಲಿದೆ ಎಂದು ಅದು ಹೇಳುತ್ತದೆ. ಇದಲ್ಲದೆ ಕೆಲವು ತಯಾರಕರು ತಮ್ಮದೇ ಆದ ಬ್ಯಾಟರಿ ನಿಯಂತ್ರಣ ಸೇರಿಸಿ ಹಿನ್ನೆಲೆಯ ಆ್ಯಪ್‌ಗಳನ್ನು ಪೂರ್ತಿ ಕೊಲ್ಲುವುದುಂಟು. ಎರಡನ್ನು ಬೇರ್ಪಡಿಸಲು, ಪ್ರತಿ ಲಾಗ್ ಸಾಲಿನಲ್ಲಿ ಪ್ರೊಸೆಸ್ ಸಂಖ್ಯೆಯನ್ನು (ಓಡುತ್ತಿರುವ ಆ್ಯಪ್‌ಗೆ ವ್ಯವಸ್ಥೆ ಕೊಡುವ ಗುರುತನ್ನು) ಬರೆಯಿರಿ. ಕಡಿದ ಜಾಗದ ಆಚೆ ಸಂಖ್ಯೆ ಬದಲಾಗಿದ್ದರೆ ಆ್ಯಪ್ ಸತ್ತು ಹುಟ್ಟಿದೆ. ಸಂಖ್ಯೆ ಅದೇ ಇದ್ದು ಸ್ಥಳ ಮಾತ್ರ ಬಂದಿಲ್ಲದಿದ್ದರೆ ಆ್ಯಪ್ ಬದುಕಿದ್ದು ಜಿಪಿಎಸ್ ತಡೆಯಲ್ಪಟ್ಟಿದೆ. ಮೊದಲನೆಯದಕ್ಕೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಡುವಂತೆ ಬಳಕೆದಾರರನ್ನು ಕೇಳಬೇಕಾಗುತ್ತದೆ, ಎರಡನೆಯದಕ್ಕೆ ಬ್ಯಾಟರಿ ಸೇವರ್ ಆಫ್ ಮಾಡಲು ಹೇಳಬೇಕಾಗುತ್ತದೆ.

ಸಣ್ಣಪುಟ್ಟ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕನಿಷ್ಠ ಚಲನೆಯ ದೂರವನ್ನು 10 ಮೀಟರ್ ಎಂದು ಇಟ್ಟು, ಫೋನನ್ನು ಮೇಜಿನ ಮೇಲಿಟ್ಟು, ಎರಡನೆಯ ಅಪ್‌ಡೇಟ್ ಏಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಲೂಪರ್ (ಬಂದ ಸಂದೇಶಗಳನ್ನು ಸರದಿಯಲ್ಲಿ ತಲುಪಿಸುವ ವ್ಯವಸ್ಥೆ) ಇಲ್ಲದ ಥ್ರೆಡ್‌ನಿಂದ ಅಪ್‌ಡೇಟ್ ಕೇಳಿದರೆ ಕಾಲ್‌ಬ್ಯಾಕ್ ತಲುಪಲು ದಾರಿಯೇ ಇರುವುದಿಲ್ಲ. ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಓಡುವ ಅಣಕು ಫೋನಿನಲ್ಲಿ) 37.42, ಮೈನಸ್ 122.08 ಎಂದು ಬಂದರೆ ಅದು ಅಮೆರಿಕದ ಮೌಂಟನ್ ವ್ಯೂ. ಎಮ್ಯುಲೇಟರ್‌ನ ಪೂರ್ವನಿಗದಿತ ಜಾಗವೇ ಅದು. ಎಮ್ಯುಲೇಟರ್‌ಗೆ ‘ಜಿಯೋ ಫಿಕ್ಸ್’ ಆದೇಶ ಕೊಡುವಾಗಲೂ, ಜಿಯೋಜೇಸನ್ (ನಕ್ಷೆಯ ದತ್ತಾಂಶ ಬರೆಯುವ ಒಂದು ಕ್ರಮ) ಬರೆಯುವಾಗಲೂ ರೇಖಾಂಶ ಮೊದಲು, ಅಕ್ಷಾಂಶ ನಂತರ. ಅದಲುಬದಲಾದರೆ ನಕ್ಷೆಯ ಗುರುತು ಸಮುದ್ರಕ್ಕೆ ಬೀಳುತ್ತದೆ. ಗುರುತು ಆಫ್ರಿಕಾದ ಪಶ್ಚಿಮದ ಕೊಲ್ಲಿಯಲ್ಲಿ ಸೊನ್ನೆ, ಸೊನ್ನೆಗೆ ಬಿದ್ದಿದ್ದರೆ ಯಾರೋ ‘ನಲ್’ ಅನ್ನು ಸೊನ್ನೆಯಾಗಿ ಉಳಿಸಿದ್ದಾರೆ. ಅಂಕಿಯನ್ನು ಪಠ್ಯವಾಗಿ ಕಳುಹಿಸುವಾಗ ಫೋನಿನ ಭಾಷೆಗೆ ತಕ್ಕಂತೆ ದಶಮಾಂಶ ಬಿಂದು ಅಲ್ಪವಿರಾಮವಾಗಬಹುದು, ಆದ್ದರಿಂದ ಲೊಕೇಲ್ ಅನ್ನು (ಯಾವ ಭಾಷೆಯ, ಪ್ರದೇಶದ ರೂಢಿ ಎಂಬುದನ್ನು) ನೀವೇ ಸ್ಪಷ್ಟವಾಗಿ ಹೇಳಿ. ದಶಮಾಂಶದ ನಂತರ 14 ಅಂಕಿಗಳನ್ನು ಕಂಡು ಮರುಳಾಗಬೇಡಿ. ಐದನೆಯ ಅಂಕಿಯೇ ಸುಮಾರು ಒಂದು ಮೀಟರ್‌ಗೆ ಸಮ.

ಮುಂದೆ ಐಫೋನ್‌ಗೂ ಬರೆಯುವುದಾದರೆ ಹೆಸರುಗಳು ಬದಲಾಗುತ್ತವೆ, ಕಾಯಿಲೆಗಳು ಬದಲಾಗುವುದಿಲ್ಲ. ಅಲ್ಲಿ 2020ರ ಐಒಎಸ್ 14ರಿಂದಲೇ ನಿಖರ ಸ್ಥಳವನ್ನು ಆಫ್ ಮಾಡುವ ಸ್ವಿಚ್ ಇದೆ. ಮೊದಲು ಬರುವ ಸ್ಥಳ ಹಲವು ಸಲ ಹಳೆಯದಾಗಿರುತ್ತದೆ. ಅಡ್ಡ (ಹಾರಿಜಾಂಟಲ್) ನಿಖರತೆ ಮೈನಸ್ ಬಂದರೆ ಆ ಅಳತೆ ಅಸಿಂಧು. ಲೊಕೇಶನ್ ಮ್ಯಾನೇಜರ್ ಅನ್ನು ಒಂದು ಫಂಕ್ಷನ್‌ನೊಳಗಿನ ತಾತ್ಕಾಲಿಕ ಚರಾಂಶವಾಗಿ ಸೃಷ್ಟಿಸಿದರೆ ಉತ್ತರ ಬರುವ ಮೊದಲೇ ಅದು ಮೆಮೊರಿಯಿಂದ ಹೊರಟುಹೋಗಿರುತ್ತದೆ.

ಕೊನೆಯದಾಗಿ ನಿಮ್ಮ 50 ಮೀಟರ್ ಪ್ರಶ್ನೆ. ಆಂಡ್ರಾಯ್ಡ್ ಕೊಡುವ ನಿಖರತೆ ಎಂಬುದು ಒಂದು ವೃತ್ತದ ತ್ರಿಜ್ಯ. ನಿಜವಾದ ಜಾಗ ಆ ವೃತ್ತದೊಳಗೆ ಇರುವ ಸಂಭವ 68 ಪ್ರತಿಶತ ಮಾತ್ರ, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಅದು ಹೊರಗಿರುತ್ತದೆ. ಹೀಗಿರುವಾಗ 49ನ್ನು ಸ್ವೀಕರಿಸಿ 51ನ್ನು ತಿರಸ್ಕರಿಸುವ ಗೆರೆಗೆ ಅರ್ಥವಿಲ್ಲ, ಹಳೆಯ ಕಟ್ಟಡದೊಳಗೆ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿರುವವರನ್ನು ಅದು ಸುಳ್ಳುಗಾರರನ್ನಾಗಿಸುತ್ತದೆ. ತಿರಸ್ಕರಿಸುವ ಬದಲು ತೂಗಿ ನೋಡಿ. ಭೇಟಿಯ ಜಾಗದ ಸುತ್ತ ನೀವು ಒಪ್ಪುವ ದೂರ 100 ಮೀಟರ್ ಎಂದಿಟ್ಟುಕೊಳ್ಳೋಣ. ಅಳೆದ ದೂರಕ್ಕೆ ನಿಖರತೆಯ ಇಮ್ಮಡಿಯನ್ನು ಕೂಡಿಸಿದರೂ 100ರೊಳಗೆ ಇದ್ದರೆ ಹಾಜರಿದ್ದಾರೆ ಎಂದು ದಾಖಲಿಸಿ; ಇಮ್ಮಡಿಯನ್ನು ಕಳೆದರೂ 100ನ್ನು ಮೀರಿದ್ದರೆ ಬೇರೆ ಕಡೆ ಇದ್ದಾರೆ ಎನ್ನಬಹುದು. ಉದಾಹರಣೆಗೆ 40 ಮೀಟರ್ ದೂರ, 25 ಮೀಟರ್ ನಿಖರತೆ ಮೊದಲನೆಯ ಗುಂಪಿಗೆ ಸೇರುತ್ತದೆ. 600 ಮೀಟರ್ ದೂರ, 30 ಮೀಟರ್ ನಿಖರತೆ ಎರಡನೆಯದಕ್ಕೆ. ನಡುವೆ ಬಿದ್ದವನ್ನು ‘ಅನಿಶ್ಚಿತ’ ಎಂದು ಗುರುತಿಸಿ, ಇನ್ನೂ 20 ಸೆಕೆಂಡ್ ಕಾದು ನೋಡಿ. ಆಗಲೂ ಸುಧಾರಿಸದಿದ್ದರೆ ಆ ಗುರುತಿನೊಡನೆಯೇ ಉಳಿಸಿ, ಮನುಷ್ಯರೊಬ್ಬರು ನೋಡುವಂತೆ ಮಾಡಿ. 2000 ನಿಖರತೆಯ ದಾಖಲೆಗಳು ಈ ಲೆಕ್ಕದಲ್ಲಿ ತಾವಾಗಿಯೇ ಅನಿಶ್ಚಿತದ ಗುಂಪಿಗೆ ಬೀಳುತ್ತವೆ. ಅಂಥವನ್ನು ಮಾತ್ರ ಕಾಯಿಸದೆ ನೇರವಾಗಿ ಅನುಮತಿ ಕೇಳುವ ಪುಟಕ್ಕೆ ಕಳುಹಿಸಿ. ನಕಲಿ ಸ್ಥಳ ಕೊಡುವ ಆ್ಯಪ್‌ನಿಂದ ಬಂದ ಅಳತೆಯೇ ಎಂದು ಹೇಳುವ ಗುರುತೂ ಪ್ರತಿ ಸ್ಥಳದ ಜೊತೆ ಇರುತ್ತದೆ, ಅದನ್ನೂ ಉಳಿಸಿಕೊಳ್ಳಿ. ಆದರೆ ಅದೊಂದನ್ನೇ ನೆಚ್ಚಿ ಯಾರ ಮೇಲೂ ಕ್ರಮ ಕೈಗೊಳ್ಳಬೇಡಿ, ಏಕೆಂದರೆ ‘ರೂಟ್’ ಮಾಡಿದ, ಅಂದರೆ ವ್ಯವಸ್ಥೆಯ ಪೂರ್ಣ ಅಧಿಕಾರ ಪಡೆದ ಫೋನಿನಲ್ಲಿ ಆ ಗುರುತನ್ನು ಅಳಿಸಬಹುದು, ಪರೀಕ್ಷೆಗಾಗಿ ನಕಲಿ ಸ್ಥಳವನ್ನು ಆನ್ ಮಾಡಿದವರು ಆಫ್ ಮಾಡಲು ಮರೆತಿರಲೂಬಹುದು.